ಕಲ್ಲಿಗೆ ಬೇಕಾದ ಫೋಟೋ

ಬುರುಲ್‌ಳ ಫೋಟೋ ಅಂಗಡಿ ಅವಳ ಹೆಜ್ಜೆಯಲ್ಲಿ ಐದು ಹೆಜ್ಜೆ ಅಗಲ, ಎಂಟು ಹೆಜ್ಜೆ ಉದ್ದ. ನರಿನ್ ಊರಿನ ದೊಡ್ಡ ಬೀದಿಯಲ್ಲಿರುವ ಅತ್ತೆ ಸೈರಕಾನ್ ಅಪಾಳ ಮನೆಯ ಮುಂದಿನ ಕೋಣೆಯೇ ಅಂಗಡಿ. ಮಾವ ಬದುಕಿದ್ದಾಗ ಬೀದಿ ಕಡೆಯ ಒಂದು ಕಿಟಕಿಯನ್ನು ಕೀಳಿಸಿ ಬಾಗಿಲು ಮಾಡಿಸಿದ್ದ. ಇನ್ನೊಂದು ಕಿಟಕಿಯನ್ನು ಇಟ್ಟಿಗೆ ಇಟ್ಟು ಮುಚ್ಚಿಸಿದ್ದ. ಆ ಕಾಲದಲ್ಲಿ ಫಿಲಂ ತೊಳೆಯುವುದಕ್ಕೆ ಕತ್ತಲೆ ಬೇಕಿತ್ತು. ಈಗ ಕಂಪ್ಯೂಟರು, ಪ್ರಿಂಟರು ಬಂದು ಕತ್ತಲೆಯ ಕೆಲಸ ಮುಗಿದಿದ್ದರೂ ಇಟ್ಟಿಗೆ ಹಾಗೆಯೇ ಇತ್ತು. ತೆಗೆಸೋಣವೇ ಎಂದು ಬುರುಲ್ ಎರಡು ಸಲ ಕೇಳಿದ್ದಳು. "ಅವರು ಕಟ್ಟಿಸಿದ್ದು" ಎಂದು ಅತ್ತೆ ಎರಡು ಸಲವೂ ಅಷ್ಟೇ ಹೇಳಿದ್ದಳು.

ಅಂಗಡಿಗೂ ಮನೆಗೂ ನಡುವೆ ಒಂದು ಬಾಗಿಲು. ಅದನ್ನು ಮುಚ್ಚುವ ಹಾಗಿಲ್ಲ. ಬಾಗಿಲಿನ ಆಚೆ, ಕಲ್ಲಿದ್ದಲಿನ ಒಲೆಯ ಪಕ್ಕ, ದಪ್ಪ ಮೆತ್ತೆಯ ಮೇಲೆ ಸೈರಕಾನ್ ಅಪಾ ಕೂತಿರುತ್ತಾಳೆ. ಅಪಾ ಎಂದರೆ ಅಲ್ಲಿಯ ಮಾತಿನಲ್ಲಿ ಅಮ್ಮ. ಅವಳಿಗೆ ಎಪ್ಪತ್ತೊಂಬತ್ತು. ಮೊಣಕಾಲು ಹೋಗಿದೆ. ಕಣ್ಣು, ಕಿವಿ, ನಾಲಿಗೆ ಮೂರೂ ಚೆನ್ನಾಗಿವೆ. ಅಂಗಡಿಗೆ ಬಂದವರ ಮಾತು, ಕ್ಯಾಮೆರಾದ ಸದ್ದು, ಕತ್ತರಿಯ ಸದ್ದು, ಬುರುಲ್ ಸುಮ್ಮನೆ ನಿಂತರೆ ಆ ಸುಮ್ಮನಿರುವುದೂ ಅವಳಿಗೆ ಕೇಳಿಸುತ್ತದೆ.

ಬುರುಲ್‌ಗೆ ನಲವತ್ತೆರಡು. ನಾಲ್ಕು ಹೆಣ್ಣಿನ ಮೇಲೆ ಐದನೆಯದಾಗಿ ಹುಟ್ಟಿದಾಗ ಅಜ್ಜಿ ಇಟ್ಟ ಹೆಸರು ಅದು. ಇನ್ನಾದರೂ ತಿರುಗಲಿ, ಮುಂದಿನದು ಗಂಡಾಗಲಿ ಎಂದು ಅದರ ಅರ್ಥ. ಮುಂದಿನದು ಗಂಡೇ ಆಯಿತು. ಈ ಹುಡುಗಿ ಬಂದ ಕೆಲಸವನ್ನು ಹುಟ್ಟಿದ ದಿನವೇ ಮುಗಿಸಿದಳು ಎಂದು ತವರಿನಲ್ಲಿ ನಗೆಯಾಡುತ್ತಿದ್ದರು. ಇಪ್ಪತ್ತಮೂರಕ್ಕೆ ಮೆಲಿಸ್‌ನನ್ನು ಮದುವೆಯಾಗಿ ಈ ಮನೆಗೆ ಬಂದಳು. ಮೆಲಿಸ್ ಮೂವರಲ್ಲಿ ಕಿರಿಯ ಮಗ. ಹಿರಿಯ ಮಕ್ಕಳು ಎಲ್ಲಿಗಾದರೂ ಹೋಗಿ ಮನೆ ಮಾಡಬಹುದು, ಕಿರಿಯವನು ಮಾತ್ರ ಹೆತ್ತವರ ಒಲೆ ಬಿಡುವಂತಿಲ್ಲ. ಮನೆಯೂ ಅವನಿಗೇ, ಮುಪ್ಪಿನವರ ಜೋಪಾನವೂ ಅವನಿಗೇ. ಆದರೆ ಮೆಲಿಸ್ ಒಂಬತ್ತು ವರ್ಷದ ಹಿಂದೆ ಒಂದು ಚಳಿಗಾಲದ ಕೆಲಸ ಎಂದು ರಷ್ಯಾಕ್ಕೆ ಹೋದ. ಅಲ್ಲಿ ಇನ್ನೊಂದು ಮನೆ ಮಾಡಿದ. ಅಲ್ಲಿ ಅವನಿಗೆ ಇಬ್ಬರು ಮಕ್ಕಳು. ಬುರುಲ್‌ಗೆ ಮಕ್ಕಳಾಗಿರಲಿಲ್ಲ. ಇದು ಬೀದಿಗೆಲ್ಲ ಗೊತ್ತಿರುವ ಸಂಗತಿ, ಮನೆಯೊಳಗೆ ಮಾತ್ರ ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಅವನು ಬಿಟ್ಟೆ ಎಂದು ಹೇಳಿ ಕಳಿಸಲಿಲ್ಲ, ಬರುತ್ತೇನೆ ಎಂದೂ ಹೇಳಿ ಕಳಿಸಲಿಲ್ಲ. ಹೀಗೆ ಕಿರಿಯ ಮಗನ ಕೆಲಸ ಕಿರಿಯ ಮಗನ ಹೆಂಡತಿಯ ತಲೆಗೆ ಬಂತು.

ಮಗ ಹೋದ ಮೂರನೇ ತಿಂಗಳಲ್ಲಿ ಮಾವ ಅವಳನ್ನು ಅಂಗಡಿಗೆ ಕರೆದು ಕ್ಯಾಮೆರಾ ಕೈಗೆ ಕೊಟ್ಟ. ಎರಡು ವರ್ಷ ಕಲಿಸಿ ತೀರಿಕೊಂಡ. ದೀಪ ಎಲ್ಲಿಡಬೇಕು, ಗಲ್ಲ ಎಷ್ಟು ಎತ್ತಿಸಬೇಕು ಎಂಬುದನ್ನೆಲ್ಲ ಅವನಿಂದ ಕಲಿತಳು. ಒಂದನ್ನು ಮಾತ್ರ ಅವಳೇ ಕಂಡುಕೊಂಡಳು. ಪಾಸ್‌ಪೋರ್ಟಿನ ಫೋಟೋದಲ್ಲಿ ನಗಬಾರದು, ಬಾಯಿ ಬಿಡಬಾರದು, ಕಿವಿ ಕಾಣಬೇಕು. ಹಾಗೆ ಕೂರಿಸಿದರೆ ಯಾರ ಮುಖವಾದರೂ ಹಿಟ್ಟಿನ ಉಂಡೆಯಾಗುತ್ತದೆ. ಬುರುಲ್ ಏನು ಮಾಡುತ್ತಿದ್ದಳೆಂದರೆ, "ಅಲುಗಾಡಬೇಡಿ" ಎಂದು ಹೇಳಿ, ಎರಡು ಉಸಿರು ಬಿಟ್ಟು, ಮೆಲ್ಲಗೆ ಒಂದು ಮಾತು ಕೇಳುತ್ತಿದ್ದಳು. "ನಿಮ್ಮ ಕೆಂದ ಹಸು ಈ ಸಲ ಯಾವ ಕರು ಹಾಕಿತು?" "ನಿಮ್ಮೂರ ತೊರೆ ಹೆಪ್ಪುಗಟ್ಟಿತಾ?" ಕೂತವರು ಉತ್ತರ ಕೊಡುವಂತಿಲ್ಲ. ಉತ್ತರ ಬಾಯಿಯವರೆಗೆ ಬಂದು, ದಾರಿ ಸಿಗದೆ ಕಣ್ಣಿಗೆ ಹತ್ತುತ್ತಿತ್ತು. ಆಗ ಅವಳು ಗುಂಡಿ ಒತ್ತುತ್ತಿದ್ದಳು.

ಅದಕ್ಕೇ ಆ ಬೀದಿಯಲ್ಲಿ ಇನ್ನೆರಡು ಫೋಟೋ ಅಂಗಡಿಗಳಿದ್ದರೂ ಜನ ಇವಳ ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಂದವರಲ್ಲಿ ಮುಕ್ಕಾಲು ಪಾಲು ಊರು ಬಿಡುವವರು. ಇವಳು ಮುಖ ತೆಗೆದುಕೊಟ್ಟರೆ ಅವರು ಹೋಗುತ್ತಿದ್ದರು. ಒಂದು ವಾರ, ಹದಿನೈದು ದಿನ, ಆಮೇಲೆ ಆ ಮುಖ ಬೀದಿಯಲ್ಲಿ ಕಾಣುತ್ತಿರಲಿಲ್ಲ. ಹೋಗುವ ಮುಂಚೆ ಕೆಲವರು ಒಂದು ಮೆಚ್ಚುಗೆಯ ಮಾತು ಬಿಟ್ಟು ಹೋಗುತ್ತಿದ್ದರು. ಅಂಥ ಮಾತನ್ನು ಬುರುಲ್ ಯಾರಿಗೂ ಹೇಳುತ್ತಿರಲಿಲ್ಲ. ಕುರಿ ಕಾಯುವವರು ಒಣ ಮೊಸರಿನ ಉಂಡೆಯನ್ನು ದವಡೆಗೆ ಇಟ್ಟುಕೊಂಡು ದಿನವಿಡೀ ಕರಗಿಸುವ ಹಾಗೆ, ಪಾತ್ರೆ ತೊಳೆಯುವಾಗ, ಬೂದಿ ತೆಗೆಯುವಾಗ, ಅತ್ತೆಯ ಕಾಲು ಒತ್ತುವಾಗ ಒಳಗೇ ಇಟ್ಟುಕೊಂಡಿರುತ್ತಿದ್ದಳು. ಅಂಥದ್ದೊಂದು ಸಿಕ್ಕ ದಿನ ಕಳೆಯುತ್ತಿತ್ತು, ಸಿಗದ ದಿನ ಕಳೆಯುತ್ತಿರಲಿಲ್ಲ. ಅತ್ತೆಯ ಬಾಯಿಂದ ಮಾತ್ರ ಹತ್ತೊಂಬತ್ತು ವರ್ಷದಲ್ಲಿ ಅಂಥ ಒಂದೂ ಬಂದಿರಲಿಲ್ಲ. ಸಾರು ಚೆನ್ನಾಗಿದ್ದರೆ ಅತ್ತೆ ಮಾಂಸವನ್ನು ಹೊಗಳುತ್ತಿದ್ದಳು.

ಆ ವರ್ಷ ಅಕ್ಟೋಬರ್ ಕೊನೆಯ ಸೋಮವಾರ ಕರಕೊಲ್‌ನಿಂದ ಅಯ್‌ಸಾಲ್ಕಿನ್ ಫೋನ್ ಮಾಡಿದಳು. ಅವಳು ಬುರುಲ್‌ಳ ಶಾಲೆಯ ಗೆಳತಿ. ಸರೋವರದ ಹತ್ತಿರದ ಆ ಊರಿನಲ್ಲಿ ಮದುವೆ ಫೋಟೋಗಳ ಅಂಗಡಿ ಇಟ್ಟಿದ್ದಳು. ಜೊತೆಗಿದ್ದವಳು ಗಂಡನೂರಿಗೆ ಹೋದಳು, ಆ ಜಾಗ ಖಾಲಿ ಇದೆ, ಮಲಗಲು ಮಹಡಿಯ ಮೇಲೆ ಕೋಣೆ ಇದೆ, ಶನಿವಾರ ಬಂದುಬಿಡು, ಭಾನುವಾರದಿಂದ ಮದುವೆಗಳು ಎಂದಳು. "ಆ ಡಬ್ಬಿಯೊಳಗೆ ಕೂತು ಕೊಳೀತಿದ್ದೀಯಲ್ಲೇ. ಇಲ್ಲಿಗೆ ಬಾ. ಶನಿವಾರ ಬರದೇ ಇದ್ರೆ ಬೇರೆಯವಳಿಗೆ ಹೇಳ್ತೀನಿ, ಬೇಜಾರು ಮಾಡ್ಕೋಬೇಡ." ಬುರುಲ್ ಅಂಗಳದ ಮೂಲೆಯಲ್ಲಿ ನಿಂತು, ಕಿಟಕಿ ಎಷ್ಟಿದೆ ಎಂದು ಕೇಳಿದಳು. ಎರಡು ಇದೆ, ಒಂದರಿಂದ ಸೇಬಿನ ತೋಟ ಕಾಣುತ್ತೆ ಎಂದಳು ಅಯ್‌ಸಾಲ್ಕಿನ್. ಬರ್ತೀನಿ ಎಂದಳು ಬುರುಲ್.

ಬರ್ತೀನಿ ಎನ್ನುವುದು ಸುಲಭವಾಯಿತು. ಹೋಗ್ತೀನಿ ಎಂದು ಅತ್ತೆಗೆ ಹೇಳಬೇಕಿತ್ತು. ಮಂಗಳವಾರ ಹೇಳಲಿಲ್ಲ. ಬುಧವಾರ ಹೇಳಲಿಲ್ಲ. ಹೇಳದೆ ಹೋಗುವುದು ಅವಳಿಂದಾಗದು, ಹಾಗೆ ಹೋದವನೊಬ್ಬ ಆ ಮನೆಗೆ ಸಾಕು. ಗುರುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿಯೇ ತೀರುವುದೆಂದು ಬೆಳಿಗ್ಗೆ ಹಿಟ್ಟು ನಾದುವಾಗ ಗಟ್ಟಿ ಮಾಡಿಕೊಂಡಳು.

ಗುರುವಾರ ಒಂಬತ್ತಕ್ಕೇ ಕುರಿಗಾಹಿ ಎಸೆನ್‌ಗುಲ್ ಬಂದ. ಹೋದ ವಾರ ಗುರುತಿನ ಚೀಟಿಗೆ ಫೋಟೋ ತೆಗೆಸಿಕೊಂಡು ಹೋಗಿದ್ದ ಮುದುಕ.

"ಒಳಗೆ ಬರಬಹುದಾ ಮಗಳೇ? ಮೈಯೆಲ್ಲ ಕುದುರೆ ವಾಸನೆ."

"ಬನ್ನಿ ಅಕ್ಸಕಾಲ್, ಹಿರಿಯರು ನೀವು ಬಾಗಿಲಲ್ಲಿ ನಿಲ್ಲೋದಾ. ಫೋಟೋ ಆಗಲ್ಲ ಅಂದ್ರಾ ಕಚೇರೀಲಿ? ಕಿವಿ ಕಾಣಲ್ಲ ಅಂದ್ರಾ?"

"ಇಷ್ಟಗಲ ಕಿವಿ, ಕಾಣದೆ ಎಲ್ಲಿ ಹೋಗುತ್ತೆ? ಕಚೇರಿ ತನಕ ಹೋಗಿದ್ರೆ ತಾನೆ. ನಮ್ಮ ಮುದುಕಿ ಕೊಡಲ್ಲ ಅಂತಾಳೆ. 'ನಾನು ಮದ್ವೆ ಆದವನು ಇವನು. ಎಲ್ಲಿ ಹೋಗಿದ್ದ ಇಷ್ಟು ವರ್ಷ? ಇದು ನನಗಿರಲಿ, ಕಚೇರಿಗೆ ಈಗಿನವನ್ದು ಕೊಡು' ಅಂತ ನಾಲ್ಕನ್ನೂ ಎತ್ತಿಟ್ಕೊಂಡ್ಲು. ನಲವತ್ತೆಂಟು ವರ್ಷ ಆಯ್ತು. ನನ್ನ ಮುಖ ಎತ್ತಿಡೋ ವಸ್ತು ಅಂತ ನನಗೇ ಗೊತ್ತಿರ್ಲಿಲ್ಲ. ಇನ್ನು ನಾಲ್ಕು ಮಾಡಿಕೊಡು."

ಬುರುಲ್ ನಗು ತಡೆದುಕೊಂಡು ಕಂಪ್ಯೂಟರಿನಲ್ಲಿ ಅವನ ಮುಖ ಹುಡುಕಿದಳು. ಒಳಗಿನಿಂದ ಸೈರಕಾನ್ ಅಪಾಳ ದನಿ ಬಂತು.

"ಎಸೆನ್‌ಗುಲ್, ನಿನ್ನ ಹೆಂಡತಿಗೆ ಕಣ್ಣಿನ ಪೊರೆ ತೆಗೆಸಿದ್ರಲ್ಲ. ಮತ್ತೆ ಬಂತಾ?"

"ಬಂದ್ರೆ ಒಳ್ಳೇದೇ ಸೈರಕಾನ್. ಪೊರೆ ಇದ್ದಾಗ ಬೈಗುಳ ಕಮ್ಮಿ ಇತ್ತು."

ಹೊರಡುವಾಗ ಮುದುಕ ಒಂದು ಡಬ್ಬಿ ಬೆಣ್ಣೆಯನ್ನು ಮೇಜಿನ ಮೇಲಿಟ್ಟು, ಬುರುಲ್‌ಳ ಎರಡು ಕೈಗಳನ್ನೂ ತನ್ನ ಎರಡು ಕೈಗಳಲ್ಲಿ ಹಿಡಿದು ಒತ್ತಿ ಬಿಟ್ಟ. ಬಾಗಿಲಾಚೆ ಹೋದ ಮೇಲೂ ಆ ಕೈಗಳ ಒರಟು ಅವಳ ಬೆರಳುಗಳ ಮೇಲೆ ಇತ್ತು. ಇಂಥ ಬೆಳಿಗ್ಗೆಯಾದ ಮೇಲೆ ಬೇರೆ ದಿನವಾಗಿದ್ದರೆ ಅವಳು ಗುನುಗಿಕೊಂಡು ಕೆಲಸ ಮಾಡುತ್ತಿದ್ದಳು. ಆ ದಿನ ಮಾತ್ರ, ಇವನೂ ಇದನ್ನು ಇವತ್ತೇ ಹೇಳಬೇಕಿತ್ತೇ ಎಂದು ಕೋಪ ಬಂತು.

ಹನ್ನೊಂದಕ್ಕೆ ಜಿಪರ್ ಎಂಬ ಹುಡುಗಿ ಬಂದಳು. ಇಪ್ಪತ್ತನಾಲ್ಕರ ಪ್ರಾಯ, ಮಾಸ್ಕೋದಲ್ಲಿ ಹೋಟೆಲಿನ ಕೋಣೆ ಗುಡಿಸುವ ಕೆಲಸಕ್ಕೆ ಹೊರಟಿದ್ದಳು. ಫೋಟೋ ಕತ್ತರಿಸಿ ಕೈಗೆ ಕೊಟ್ಟಾಗ ಬಾಗಿಲ ಬೆಳಕಿಗೆ ಹೋಗಿ ನಿಂತು ನೋಡಿದಳು. ತುಂಬಾ ಹೊತ್ತು ನೋಡಿದಳು.

"ಎಜೆ, ನಾನು ಹೀಗಿದ್ದೀನಾ?"

"ಹೀಗೇ ಇದ್ದೀಯ."

"ಎಜೆ ಅಂದೆ ಅಂತ ಅಕ್ಕನ ಹಾಗೆ ಸಮಾಧಾನಕ್ಕೆ ಹೇಳಬೇಡಿ."

"ಕ್ಯಾಮೆರಾ ಯಾರಿಗೂ ಸಮಾಧಾನ ಹೇಳಲ್ಲ ತಾಯಿ. ಎರಡು ಹುಬ್ಬಿನ ಮಧ್ಯೆ ಗೆರೆ ಇದೆ ನೋಡು, ಅದನ್ನೂ ತೆಗೆದಿಲ್ಲ ನಾನು."

"ಹ್ಞೂಂ, ಇದೆ." ಜಿಪರ್ ಆ ಗೆರೆಯ ಮೇಲೆ ಬೆರಳಿಟ್ಟಳು. "ಇಷ್ಟು ದಿನ ಇದನ್ನ ಕಂಡ್ರೆ ಆಗ್ತಿರ್ಲಿಲ್ಲ." ಆಮೇಲೆ ತಲೆಯೆತ್ತಿ, "ನೀವು ಯಾಕೆ ಎಲ್ಲಿಗೂ ಹೋಗ್ಲಿಲ್ಲ ಎಜೆ? ಈ ಕೈ ಇಟ್ಕೊಂಡು?" ಎಂದಳು.

ಒಳಗೆ ಚಹಾದ ಬಟ್ಟಲು ಕೆಳಗಿಟ್ಟ ಸದ್ದಾಯಿತು. ಬುರುಲ್ ಲಕೋಟೆ ಅಂಟಿಸಿದಳು. "ನಾನು ಹೋದ್ರೆ ನಿನ್ನನ್ನ ಯಾರು ಕಳಿಸ್ತಿದ್ರು?" ಎಂದಳು. ನಗಿಸಲೆಂದೇ ಆಡಿದ ಮಾತು. ಜಿಪರ್ ನಗಲಿಲ್ಲ. ಹೌದಲ್ಲ ಎಂಬಂತೆ ತಲೆಯಾಡಿಸಿ, ಕೆನ್ನೆಗೆ ಮುತ್ತಿಟ್ಟು ಹೋದಳು.

ಮಧ್ಯಾಹ್ನ ಊಟದ ಬಟ್ಟೆ ಹಾಸಿ, ರೊಟ್ಟಿ ಮುರಿದು, ಬುರುಲ್ ಕೈ ಮಡಿಲಲ್ಲಿಟ್ಟುಕೊಂಡು ಕೂತಳು. "ಅಪಾ" ಎಂದಳು.

"ಊಟ ಆದ್ಮೇಲೆ ನನ್ನದೊಂದು ಫೋಟೋ ತೆಗಿ," ಎಂದಳು ಸೈರಕಾನ್ ಅಪಾ. "ಕಲ್ಲಿಗೆ."

ಆ ಸೀಮೆಯಲ್ಲಿ ಸತ್ತವರ ತಲೆಯ ಕಡೆ ಕರಿಕಲ್ಲು ನಿಲ್ಲಿಸಿ ಅದರಲ್ಲಿ ಅವರ ಮುಖ ಕೊರೆಸುತ್ತಾರೆ. ಬದುಕಿದ್ದಾಗಲೇ ಒಳ್ಳೆಯದೊಂದು ಫೋಟೋ ತೆಗೆಸಿಟ್ಟುಕೊಳ್ಳದಿದ್ದರೆ ಮಕ್ಕಳು ಯಾವುದೋ ಮದುವೆಯ ಗುಂಪಿನಿಂದ, ಬಾಯಲ್ಲಿ ಮಾಂಸ ಇರುವ ಮುಖವನ್ನು ಕತ್ತರಿಸಿ ಕೊಟ್ಟುಬಿಡುತ್ತಾರೆ. ಬುರುಲ್ ಅಂಥ ಫೋಟೋ ಊರಿನ ಅರ್ಧ ಮುದುಕರಿಗೆ ತೆಗೆದಿದ್ದಳು. ಅತ್ತೆ ಮಾತ್ರ ಏಳು ವರ್ಷದಿಂದ, ಅಂದರೆ ಕ್ಯಾಮೆರಾ ಸೊಸೆಯದಾದ ದಿನದಿಂದ, ಆ ಕುರ್ಚಿಯ ಮೇಲೆ ಕೂತಿರಲಿಲ್ಲ.

ಬುರುಲ್ ತಬ್ಬಿಬ್ಬಾದಳು. ಮುರಿದ ರೊಟ್ಟಿಯನ್ನು ಅತ್ತೆಯ ಕಡೆ ಸರಿಸಿದಳು.

ಅತ್ತೆಯನ್ನು ಕಂಕುಳಿಗೆ ಕೈಕೊಟ್ಟು ಕರೆತಂದು ಬೆನ್ನಿಲ್ಲದ ಕುರ್ಚಿಯ ಮೇಲೆ ಕೂರಿಸಿದಳು. ಬಿಳಿ ತಲೆವಸ್ತ್ರ, ಕಪ್ಪು ಮಖಮಲ್ಲಿನ ತೋಳಿಲ್ಲದ ಅಂಗಿ. ಹಿಂದೆ ಬೂದು ಬಟ್ಟೆ ಇಳಿಬಿಟ್ಟಳು. ದೀಪವನ್ನು ಎಡಕ್ಕೆ ಎರಡು ಗೇಣು ಸರಿಸಿದಳು. ಮುದುಕಿ ಮೊಣಕಾಲ ಮೇಲೆ ಅಂಗೈ ಊರಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಕೂರುವುದು ಅವಳಿಗೆ ಗೊತ್ತಿತ್ತು, ನಲವತ್ತು ವರ್ಷ ಫೋಟೋಗ್ರಾಫರನ ಹೆಂಡತಿ.

"ಗಲ್ಲ ಒಂದು ಚೂರು ಎತ್ತಿ. ಸಾಕು. ಅಲುಗಾಡಬೇಡಿ."

ಸೈರಕಾನ್ ಅಪಾ ಅಲುಗಾಡಲಿಲ್ಲ. ಬಾಯಿ ಮುಚ್ಚಿತ್ತು. ಕಣ್ಣು ನೇರ ಮಸೂರದೊಳಗೆ. ಬುರುಲ್ ಕ್ಯಾಮೆರಾದ ಹಿಂದಿನಿಂದ ಅವಳನ್ನು ನೋಡಿದಳು. ಹತ್ತೊಂಬತ್ತು ವರ್ಷದಲ್ಲಿ ಈ ಬಾಯಿ ಹೀಗೆ ತನ್ನ ಮುಂದೆ ಮುಚ್ಚಿಕೊಂಡಿದ್ದು ಇದೇ ಮೊದಲು, ಇನ್ನೊಂದು ಸಲ ಸಿಗುತ್ತದೋ ಇಲ್ಲವೋ ಎಂದು ಅವಳಿಗೆ ಹೊಳೆಯಿತು. ಎರಡು ಉಸಿರು ಬಿಟ್ಟಳು. ಹಸುವಿನ ಮಾತು ಕೇಳಲಿಲ್ಲ.

"ನಾನು ಶನಿವಾರ ಕರಕೊಲ್‌ಗೆ ಹೋಗ್ತೀನಿ ಅಪಾ. ಅಲ್ಲೇ ಇರ್ತೀನಿ."

ಗುಂಡಿ ಒತ್ತಿದಳು. ಬೆಳಕು ಮಿಂಚಿ ಆರಿತು.

ಪ್ರಿಂಟರಿನಿಂದ ಅಂಗೈ ಅಗಲದ ಫೋಟೋ ಹೊರಬರಲು ಒಂದು ನಿಮಿಷ ಬೇಕು. ಬುರುಲ್ ಕಾಗದ ತೆಗೆದು ನೋಡಿದಳು. ಆ ಮುಖದಲ್ಲಿ ಕೋಪವಿರಲಿಲ್ಲ. ಬಿಗುಮಾನ ಇತ್ತು, ಬೆನ್ನಿಗೆ ಇದ್ದ ಹಾಗೆ. ಕಣ್ಣು ಮಾತ್ರ ಏನನ್ನೋ ಹಿಡಿದುಕೊಳ್ಳಲು ಕೈ ಚಾಚಿದ ಹಾಗೆ ಅರಳಿತ್ತು. ತಾನು ತೆಗೆದ ಸಾವಿರಾರು ಮುಖಗಳಲ್ಲಿ ಇಂಥದ್ದೊಂದು ಬಂದಿರಲಿಲ್ಲ ಎಂದು ಅವಳಿಗೆ ತಕ್ಷಣ ಗೊತ್ತಾಯಿತು. ಅತ್ತೆಯ ಕೈಗೆ ಕೊಟ್ಟಳು.

ಸೈರಕಾನ್ ಅಪಾ ಅದನ್ನು ತೋಳುದ್ದ ದೂರ ಹಿಡಿದಳು, ಹತ್ತಿರ ತಂದಳು, ಮತ್ತೆ ದೂರ ಹಿಡಿದಳು.

"ಸರಿಯಾಗಿಲ್ಲ," ಎಂದಳು.

"ಏನು ಸರಿಯಾಗಿಲ್ಲ ಅಪಾ?"

"ಮನೆಗೆ ಕಳ್ಳ ನುಗ್ಗಿದ್ದನ್ನ ನೋಡ್ತಿರೋ ಹಾಗಿದ್ದೀನಿ. ಈ ಮುಖ ಇಟ್ಕೊಂಡು ಮಣ್ಣೊಳಗೆ ನಿದ್ದೆ ಬರುತ್ತಾ? ಇನ್ನೊಂದು ತೆಗಿ."

"ನಾನು ಹೇಳಿದ್ದು ಕೇಳಿಸ್ತಾ?"

"ಅಲುಗಾಡಬೇಡಿ ಅಂದೆ. ಅಲುಗಾಡಲಿಲ್ಲ."

"ಶನಿವಾರ…"

"ಕೇಳಿಸ್ತು ಕೆಲಿನ್. ಸೋಮವಾರಾನೂ ಕೇಳಿಸ್ತು, ಅಂಗಳದಲ್ಲಿ ಫೋನ್ ಹಿಡ್ಕೊಂಡು ಕಿಟಕಿ ಲೆಕ್ಕ ಹಾಕ್ತಿದ್ದೆಯಲ್ಲ." ಸೊಸೆಯನ್ನು ಅವಳು ಹೆಸರು ಹಿಡಿದು ಕರೆದದ್ದಿಲ್ಲ, ಯಾವಾಗಲೂ ಕೆಲಿನ್, ಸೊಸೆ. "ನಾನೇನು ಹಗ್ಗ ಹಾಕಿ ಕಟ್ಟಿಲ್ಲ. ನನಗೆ ಸರಿಯಾದ್ದು ಒಂದು ತೆಗೆದುಕೊಟ್ಟು ನಿನ್ನ ದಾರಿ ನೀನು ನೋಡ್ಕೋ. ನೀನು ಹೋದ್ಮೇಲೆ ಯಾರ ಮುಂದೆ ಹೋಗಿ ಕೂರಲಿ? ಮೂಲೆ ಅಂಗಡಿಯವನು ಬದುಕಿರೋರನ್ನೇ ಸತ್ತವರ ಹಾಗೆ ತೆಗೀತಾನೆ."

ಬುರುಲ್‌ಗೆ ಎದೆಯ ಮೇಲಿಂದ ಏನೋ ಇಳಿದಂತಾಯಿತು. ಇಷ್ಟೇ ತಾನೇ? ಒಂದು ಒಳ್ಳೆಯ ಫೋಟೋ. ಅದೊಂದು ಕೆಲಸ ಅವಳಿಗೆ ಬರುತ್ತಿತ್ತು. ಆ ಮಧ್ಯಾಹ್ನವೇ ಇನ್ನೂ ಮೂರು ತೆಗೆದಳು. ಎರಡನೆಯದರಲ್ಲಿ ತಲೆವಸ್ತ್ರ ಕೆಳಗಿಳಿದಿದೆ ಎಂದಳು ಅತ್ತೆ. ಮೂರನೆಯದರಲ್ಲಿ ಯಾರೋ ಬೇರೆ ಮುದುಕಿ ಇದ್ದಾಳೆ ಎಂದಳು. ನಾಲ್ಕನೆಯದನ್ನು ನೋಡಿ, ನಾಳೆ ನೋಡೋಣ, ಕುರ್ಚಿ ಒತ್ತುತ್ತೆ ಎಂದಳು.

ಶುಕ್ರವಾರ ಬೆಳಿಗ್ಗೆ ಎದುರು ಬದಿಯಲ್ಲಿ ಕುರಿಮಾಂಸ ತುಂಬಿದ ಸಂಸಾ ಬೇಯಿಸಿ ಮಾರುವ ಅನಾರ್ಕಾನ್ ಚಿಲ್ಲರೆಗೆಂದು ಬಂದವಳು, ಹಲಗೆಯ ಮೇಲೆ ಒರಗಿಸಿಟ್ಟಿದ್ದ ನಾಲ್ಕರಲ್ಲಿ ಮೊದಲನೆಯದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಯಪ್ಪಾ, ಇದ್ರ ಮುಂದೆ ನಾನು ಬೆನ್ನು ನೆಟ್ಟಗೆ ಮಾಡ್ಕೊಂಡು ನಿಂತ್ಬಿಟ್ಟೆ ನೋಡು. ಜೀವ ಇದೆ ಕಣೇ. ಈಗ ಬೈತಾಳೆ ಅನ್ಸುತ್ತೆ. ಸೈರಕಾನ್ ಅಪಾ, ಇದೇ ನಿಮ್ಮ ಕಲ್ಲಿಗೆ. ಇದನ್ನ ಇಟ್ರೆ ಸ್ಮಶಾನದೊಳಗೆ ಒಂದು ಕುರೀನೂ ಕಾಲಿಡಲ್ಲ."

"ಅನಾರ್ಕಾನ್, ನೀನು ನಿನ್ನ ಸಂಸಾ ನೋಡ್ಕೋ," ಎಂದಿತು ಒಳಗಿನ ದನಿ. "ಈಚೆಗೆ ಬರೀ ಈರುಳ್ಳಿ. ಕುರಿ ನಿನ್ನ ಅಂಗಡಿಗೂ ಕಾಲಿಟ್ಟ ಹಾಗಿಲ್ಲ."

ಅನಾರ್ಕಾನ್ ಬುರುಲ್‌ಳ ತೋಳು ಚಿವುಟಿ, "ಹೇಳಲ್ಲ ಬಿಡು ಅವಳು, ಸತ್ರೂ ಹೇಳಲ್ಲ. ನಾನು ಹೇಳ್ತೀನಲ್ಲ, ಕೈ ಅಂದ್ರೆ ನಿನ್ನದೇ," ಎಂದು ಹೋದಳು.

ಇನ್ನೊಂದು ದಿನವಾದರೆ ಆ ಮಾತು ಸಂಜೆಯವರೆಗೆ ಸಾಕಾಗುತ್ತಿತ್ತು. ಅಂದು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದೇ ಬುರುಲ್‌ಗೆ ತಿಳಿಯಲಿಲ್ಲ. ಬೇಕಾಗಿದ್ದ ಬಾಯಿ ಬೇರೆ. ಐದನೆಯದು ತೆಗೆದಳು, ಆರನೆಯದು ತೆಗೆದಳು. ಆರನೆಯದರಲ್ಲಿ ನನ್ನ ಅತ್ತೆಯ ಹಾಗೆ ಕಾಣ್ತೀನಿ, ಅವಳ ಪಕ್ಕ ಮಲಗೋದೇ ಸಾಲದಾ ಎಂದಳು ಸೈರಕಾನ್ ಅಪಾ. ಆಮೇಲೆ ಯೋಚಿಸಿ, ಈ ಬಿಳಿ ವಸ್ತ್ರದ್ದೇ ತಪ್ಪು, ಪೆಟ್ಟಿಗೆಯಲ್ಲಿ ಮೇಲೆಯೇ ನೀಲಿ ಅಂಚಿನದಿದೆ, ತಾ ಎಂದಳು.

ಪೆಟ್ಟಿಗೆ ಹಿಂದಿನ ಕೋಣೆಯಲ್ಲಿ, ಹಾಸಿಗೆಗಳ ರಾಶಿಯ ಕೆಳಗೆ ಇತ್ತು. ಅದನ್ನು ಅತ್ತೆಯೇ ತೆಗೆಯುವುದು ರೂಢಿ. ಬುರುಲ್ ಹಾಸಿಗೆಗಳನ್ನು ಇಳಿಸಿ ಮುಚ್ಚಳ ಎತ್ತಿದಳು. ನೀಲಿ ಅಂಚಿನದು ಮೇಲೆಯೇ ಇತ್ತು. ಅದನ್ನು ತೆಗೆದಾಗ ಕೆಳಗಿನ ಬಿಳಿ ಬಟ್ಟೆಯ ಮಡಿಕೆ ಸರಿಯಿತು. ಅದು ಅತ್ತೆಯ ಹೆಣಕ್ಕೆ ಹೊದಿಸಲೆಂದು ನಾಲ್ಕು ವರ್ಷದ ಹಿಂದೆ ಬುರುಲ್‌ಳೇ ಅಳೆಸಿ ತಂದ ಬಟ್ಟೆ. ಪಕ್ಕದಲ್ಲಿ, ಹೆಣ ತೊಳೆಯುವವರಿಗೆ ಕೊಡಬೇಕಾದ ಸೋಪು, ಸಾವಿಗೆ ಬಂದವರಿಗೆ ಹರಿದು ಹಂಚುವ ಹೂವಿನ ಛೀಟು ಬಟ್ಟೆ, ಎಲ್ಲ ಒಪ್ಪವಾಗಿ ಇದ್ದವು. ಬಿಳಿ ಬಟ್ಟೆಯನ್ನು ಸರಿಪಡಿಸಲು ಹೋದಾಗ ಅದರೊಳಗೆ ಗಟ್ಟಿ ಕಾಗದ ಕೈಗೆ ತಾಗಿತು.

ಮೊದಲನೆಯ ಫೋಟೋ. ಹಲಗೆಯ ಮೇಲೆ ಒಂದು ಕಮ್ಮಿ ಇದೆ, ಎಲ್ಲಿ ಬಿತ್ತು ಎಂದು ಅವಳು ಆಗಲೇ ಮೇಜಿನ ಕೆಳಗೆಲ್ಲ ಹುಡುಕಿದ್ದಳು. ಮುಖ ಮೇಲೆ ಮಾಡಿ, ಅಂಚು ಮುಕ್ಕಾಗದ ಹಾಗೆ ಎರಡು ಪದರ ಸುತ್ತಿ ಇಟ್ಟಿತ್ತು. ಮೊಣಕಾಲು ಹೋದ ಮುದುಕಿ ಇಷ್ಟು ಹಾಸಿಗೆಗಳನ್ನು ಯಾವಾಗ ಇಳಿಸಿದಳು, ಮತ್ತೆ ಯಾವಾಗ ಏರಿಸಿದಳು? ಅನಾರ್ಕಾನ್ ಹೋದ ಮೇಲೆ ಬುರುಲ್ ಅರ್ಧ ಗಂಟೆ ಹಿಟ್ಟು ತರಲು ಅಂಗಡಿಗೆ ಹೋಗಿದ್ದಳು. ಆಗಲೇ ಇರಬೇಕು.

ಅವಳು ಪೆಟ್ಟಿಗೆಯ ಮುಂದೆ ಕೂತಳು. ಹತ್ತೊಂಬತ್ತು ವರ್ಷದಿಂದ ಕೇಳಲು ಕಾದಿದ್ದ ಮಾತು ಇಲ್ಲಿ ಬಟ್ಟೆಯೊಳಗೆ ಸುತ್ತಿಕೊಂಡು ಬಿದ್ದಿತ್ತು. ಇದಕ್ಕಿಂತ ಹೆಚ್ಚು ಯಾರೂ ಅವಳನ್ನು ಹೊಗಳಿರಲಿಲ್ಲ. ಸಂತೋಷವೇನೋ ಆಯಿತು, ಸುಳ್ಳಲ್ಲ. ಕಣ್ಣು ತುಂಬಿ ಬಂತು. ಆದರೆ ಅದರ ಹಿಂದೆಯೇ ಉಳಿದದ್ದೂ ತಿಳಿಯಿತು. ಚೆನ್ನಾಗಿದೆ ಎಂದು ಅತ್ತೆ ಒಂದು ಸಲ ಬಾಯಿಬಿಟ್ಟರೆ ಬಾಗಿಲು ತೆರೆಯುತ್ತದೆ. ಅದಕ್ಕೇ ಬಿಡುವುದಿಲ್ಲ. ಇನ್ನು ಹತ್ತು ತೆಗೆದರೂ ಸರಿಯಾಗುವುದಿಲ್ಲ, ನೂರು ತೆಗೆದರೂ ಸರಿಯಾಗುವುದಿಲ್ಲ. ಸರಿಯಾದದ್ದು ಆಗಿಹೋಗಿದೆ.

ಇದನ್ನು ಹಿಡಿದುಕೊಂಡು ಹೋಗಿ ಮುಂದೆ ಒಡ್ಡಬಹುದಿತ್ತು. ಕಳ್ಳ ನುಗ್ಗಿದ ಮುಖವನ್ನು ಯಾಕೆ ಇಲ್ಲಿ ತಂದಿಟ್ಟಿರಿ ಎಂದು ಕೇಳಬಹುದಿತ್ತು. ಕೇಳಿದರೆ ಮುದುಕಿ ಏನು ಹೇಳುತ್ತಾಳೆಂದು ಯೋಚಿಸಿದಳು. ಹೇಳಲು ಏನೂ ಸಿಗದೆ ತಡಬಡಾಯಿಸುವ ಸೈರಕಾನ್ ಅಪಾಳನ್ನು ಅವಳು ಕಂಡಿರಲಿಲ್ಲ, ಕಾಣಬೇಕೆಂದು ಅನ್ನಿಸಲೂ ಇಲ್ಲ.

"ಸಿಕ್ತಾ ಕೆಲಿನ್?" ಎಂದಿತು ದನಿ.

"ಸಿಕ್ತು ಅಪಾ."

ಬಿಳಿ ಬಟ್ಟೆಯನ್ನು ಇದ್ದ ಹಾಗೆಯೇ ಎರಡು ಪದರ ಸುತ್ತಿ, ಮುಖ ಮೇಲೆ ಮಾಡಿ ಇಟ್ಟಳು. ಮುಚ್ಚಳ ಹಾಕಿದಳು. ಹಾಸಿಗೆಗಳನ್ನು ಒಂದರ ಮೇಲೊಂದು ಏರಿಸಿದಳು. ನೀಲಿ ಅಂಚಿನ ವಸ್ತ್ರ ಕಟ್ಟಿ ಏಳನೆಯದು ತೆಗೆದಳು. ಅದು ಒಳ್ಳೆಯ ಫೋಟೋ, ಕುತ್ತಿಗೆ ನೆಟ್ಟಗಿತ್ತು, ಬೆಳಕು ಎರಡು ಕೆನ್ನೆಗೂ ಸಮ ಬಿದ್ದಿತ್ತು. ಅತ್ತೆ ನೋಡಿ, ಏನೋ ಒಂದು ಕಮ್ಮಿ ಇದೆ ಎಂದಳು.

ನಾಲ್ಕು ಗಂಟೆಗೆ ಅಯ್‌ಸಾಲ್ಕಿನ್ ಫೋನ್ ಮಾಡಿದಳು. "ವ್ಯಾನಿನವನಿಗೆ ಹೇಳಿದ್ದೀನಿ. ನಾಳೆ ಏಳಕ್ಕೆ ನಿಮ್ಮ ಮನೆ ಮುಂದೆ ಹಾರ್ನ್ ಹೊಡೀತಾನೆ. ಮುದುಕಿಗೆ ಹೇಳಿದ್ಯಾ?"

"ಹೇಳಿದೆ."

"ಏನಂದ್ಲು?"

"ಹೋಗು ಅಂದ್ರು."

"ಮತ್ತೆ ಯಾಕೆ ಧ್ವನಿ ಹೀಗಿದೆ?"

"ಚಳಿ," ಎಂದಳು ಬುರುಲ್. ಎರಡು ಜೊತೆ ಬಟ್ಟೆ, ಉಣ್ಣೆ ಕಾಲುಚೀಲ, ಹಣಿಗೆ, ಕ್ಯಾಮೆರಾ, ಇಷ್ಟನ್ನು ಚೀಲಕ್ಕೆ ತುಂಬಿ ಅಂಗಡಿಯ ಬಾಗಿಲ ಬಳಿ ಇಟ್ಟಳು. ಅತ್ತೆ ಆ ಚೀಲದ ಪಕ್ಕದಲ್ಲೇ ಗೋಡೆ ಹಿಡಿದು ನಡೆದುಹೋದಳು. ನೋಡಲಿಲ್ಲ.

ಶನಿವಾರ ಬುರುಲ್ ಆರಕ್ಕೆ ಏಳುವಷ್ಟರಲ್ಲಿ ಮನೆಯಲ್ಲಿ ಬೆಚ್ಚಗಿತ್ತು. ಒಲೆ ಹೊತ್ತಿತ್ತು. ಊಟದ ಬಟ್ಟೆ ಹಾಸಿತ್ತು. ರೊಟ್ಟಿ, ಎಸೆನ್‌ಗುಲ್ ಕೊಟ್ಟ ಬೆಣ್ಣೆ, ಚೆರಿ ಹಣ್ಣಿನ ಪಾಕ, ಎರಡು ಬಟ್ಟಲು. ಸೈರಕಾನ್ ಅಪಾ ಮೆತ್ತೆಯ ಮೇಲೆ ಕೂತು ಚಹಾದ ಕುಡಿಕೆಯನ್ನು ತನ್ನ ಬಳಿ ಇಟ್ಟುಕೊಂಡಿದ್ದಳು. ಸೊಸೆ ಮನೆಯಲ್ಲಿರುವಾಗ ಅತ್ತೆ ಚಹಾ ಬಗ್ಗಿಸುವುದನ್ನು ಆ ಬೀದಿಯಲ್ಲಿ ಯಾರೂ ಕಂಡಿರಲಾರರು. ಬುರುಲ್ ಕೈ ಚಾಚಿ ಕುಡಿಕೆ ತೆಗೆದುಕೊಳ್ಳಹೋದಳು. ಮುದುಕಿ ಕೊಡಲಿಲ್ಲ.

"ಕೂತ್ಕೋ."

ಕೂತಳು. ಅತ್ತೆ ಬಟ್ಟಲಿಗೆ ಚಹಾ ಬಗ್ಗಿಸಿ, ಹಾಲು ಬೆರೆಸಿ, ಬಲಗೈಯಿಂದ ಮುಂದೆ ಹಿಡಿದಳು. ಎಡಗೈ ಮೊಣಕೈಗೆ ಆಸರೆಯಾಗಿತ್ತು, ದೊಡ್ಡವರಿಗೆ ಕೊಡುವ ಹಾಗೆ. ಬಟ್ಟಲಲ್ಲಿ ಅರ್ಧಕ್ಕಿಂತ ಕಡಿಮೆ ಇತ್ತು. ಅಲ್ಲಿಯವರು ಬಟ್ಟಲು ತುಂಬಿಸಿ ಕೊಡುವುದು ಬೇಗ ಎದ್ದು ಹೋಗಲಿ ಎನ್ನಿಸಿದವರಿಗೆ. ಕೂತಿರಲಿ, ಇನ್ನೊಂದು ಸಲ ಕೊಡುವ ಹಾಗಾಗಲಿ, ಅದರ ಮೇಲೆ ಇನ್ನೊಂದು ಸಲ, ಎನ್ನಿಸಿದವರಿಗೆ ತಳದಲ್ಲಿ ಸ್ವಲ್ಪವೇ ಹಾಕಿ ಕೊಡುತ್ತಾರೆ.

ಬುರುಲ್ ಕುಡಿದಳು. ಮೂರು ಗುಟುಕಿಗೆ ಮುಗಿಯಿತು. ಅತ್ತೆ ಬಟ್ಟಲು ತೆಗೆದುಕೊಂಡು ಮತ್ತೆ ತಳಕ್ಕಷ್ಟು ಹಾಕಿ ಕೊಟ್ಟಳು. ಹೀಗೆ ನಾಲ್ಕು ಬಟ್ಟಲಾಯಿತು. ಐದನೆಯದು ಬಗ್ಗಿಸುವಾಗ ಬೀದಿಯಲ್ಲಿ ವ್ಯಾನು ನಿಂತು ಹಾರ್ನ್ ಹೊಡೆಯಿತು. ಕುಡಿಕೆಯ ಬಾಯಿ ಬಟ್ಟಲಿನ ಅಂಚಿಗೆ ತಗುಲಿ ಟಕಟಕ ಎಂದಿತು. ಚಹಾ ಹೊರಗೆ ಚೆಲ್ಲಲಿಲ್ಲ.

ಮತ್ತೆ ಹಾರ್ನ್ ಆಯಿತು. ಬಾಗಿಲು ಬಡಿದ ಸದ್ದು. "ಎಜೆ, ಕರಕೊಲ್ ಅಂದ್ರಲ್ಲ, ಬರ್ತೀರಾ?" ಎಂದು ಡ್ರೈವರ್ ಕೂಗಿದ.

ಸಾಕು ಎನ್ನುವವರು ಬಟ್ಟಲಿನ ಮೇಲೆ ಅಂಗೈ ಮುಚ್ಚಬೇಕು. ಮುಚ್ಚಿದ ಮೇಲೆ ಒತ್ತಾಯವಿಲ್ಲ, ಎದ್ದು ಹೋಗಬಹುದು. ಬುರುಲ್ ಕೈ ಎತ್ತಿದಳು. ಅತ್ತೆ ಆ ಕೈಯನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿತ್ತು, ಬೆನ್ನು ನೆಟ್ಟಗಿತ್ತು.

ಬುರುಲ್ ಎತ್ತಿದ ಆ ಕೈಯಿಂದಲೇ ಬಟ್ಟಲನ್ನು ತೆಗೆದುಕೊಂಡು ಕುಡಿದು, ಖಾಲಿ ಮಾಡಿ, ಮುಂದೆ ಚಾಚಿದಳು.

ಡ್ರೈವರ್ ಇನ್ನೊಂದು ಸಲ ಕೂಗಿದ. ಯಾರಿಗೋ ಏನೋ ಬೈದ. ವ್ಯಾನು ಸೇತುವೆಯ ಕಡೆಗೆ ಇಳಿದುಹೋಗುವ ಸದ್ದು ಸ್ವಲ್ಪ ಹೊತ್ತು ಇತ್ತು.

"ನಿನ್ನೆಯದರಲ್ಲಿ," ಎಂದಳು ಸೈರಕಾನ್ ಅಪಾ, ಆರನೆಯ ಬಟ್ಟಲಿಗೆ ಬಗ್ಗಿಸುತ್ತ, "ಕುತ್ತಿಗೆ ಓರೆಯಾಗಿತ್ತು."

"ಹೌದು ಅಪಾ," ಎಂದಳು ಬುರುಲ್. "ಓರೆಯಾಗಿತ್ತು."